ಪಂಚಮಿಯಿಂದ ಎಳ್ಳಮವಾಸ್ಯೆವರೆಗೆ: ಹೋಳಿಗೆ ಬಿಡದೆ ಸಕ್ಕರೆ ಕಡಿಮೆ ಮಾಡುವ ದಾರಿ

ಧಾರವಾಡದಲ್ಲಿ ನಮ್ಮ ಮನೆ. ಮೂರು ವರ್ಷದ ಹಿಂದೆ ದೀಪಾವಳಿ ಮುಗಿದ ಹದಿನೈದು ದಿನಕ್ಕೆ ಅತ್ತೆಯವರ ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆಯಲ್ಲ, ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದು, ಅದು ನಾಗರ ಪಂಚಮಿಗೆ ಮೊದಲು 7.1 ಇತ್ತು. ಈ ಸಲ 8.4 ಬಂತು. ವರದಿ ನೋಡಿ ಅತ್ತೆ ಬೇಜಾರಾದರು. "ಹಬ್ಬದ ದಿನ ಒಂದೊಂದ ಹೋಳಿಗಿ ತಿಂದೀನವಾ, ಅಷ್ಟಕ್ಕ ಇಷ್ಟ ಏರ್ತದೇನ?" ಅಂದರು.

ಅವರು ಹೇಳಿದ್ದು ನಿಜವೇ. ಹಾಗಾಗಿ ಆ ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಪಂಚಮಿಯಿಂದ ದೀಪಾವಳಿವರೆಗೆ ಹಬ್ಬದ ಅಡುಗೆ ಮಾಡಿದ್ದು ಹತ್ತು-ಹನ್ನೆರಡು ದಿನ. ಆದರೆ ಮನೆಯಲ್ಲಿ ಸಿಹಿ ಇದ್ದದ್ದು ಹೆಚ್ಚುಕಡಿಮೆ ತೊಂಬತ್ತು ದಿನ! ಡಬ್ಬಿಯಲ್ಲಿ ಉಳಿದ ಉಂಡಿ, ಬೀಗರು ತಂದ ಪೇಡಾ, ಚಹಾದ ಜೊತೆ ಬಿಸ್ಕೀಟು, ಮಕ್ಕಳಿಗೆ ತಂದ ಕೋಲಾ ಬಾಟಲಿಯಿಂದ ಅರ್ಧ ಗ್ಲಾಸು. ಯಾರೂ ಎಣಿಸದ ತಿನಿಸು ಇವೆಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಹಬ್ಬದ ದಿನ ಹಬ್ಬದ ಊಟ ಮಾಡಬೇಕು, ಖುಷಿಯಿಂದ ಮಾಡಬೇಕು. ಬಿಗಿ ಮಾಡಬೇಕಾದ್ದು ಎರಡು ಹಬ್ಬದ ನಡುವಿನ ದಿನಗಳನ್ನು. ಇಲ್ಲಿ ಬರೆದಿರುವುದೆಲ್ಲ ಈ ಮೂರು ವರ್ಷ ನಾವು ಮಾಡಿ ನೋಡಿದ ಕ್ರಮ.

ಇದು ನಮ್ಮೊಬ್ಬರ ಮನೆ ಮಾತಲ್ಲ. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ನಿಮ್ಮ ಪಂಕ್ತಿಯಲ್ಲೂ ಅಂಥವರು ಒಬ್ಬರಾದರೂ ಕೂತಿರುತ್ತಾರೆ.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬಿಡಬೇಡಿ, ಏನನ್ನೂ ಬದಲಿಸಬೇಡಿ. ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿ. ಎಷ್ಟು ಕಪ್ ಚಹಾ, ಕಪ್ಪಿಗೆ ಎಷ್ಟು ಚಮಚ ಸಕ್ಕರೆ, ಎಷ್ಟು ಬಿಸ್ಕೀಟು, ಯಾವ ಪಾಕೀಟು ಒಡೆದಿರಿ, ಅಷ್ಟೇ ಬರೆಯಿರಿ.

ಒಂದು ಸಮ ಚಮಚ ಸಕ್ಕರೆ ಅಂದರೆ ಸುಮಾರು 4 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಇದು: ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ದಾಟಬಾರದು. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಅಂದರೆ ಆರು ಚಮಚ. ಈ ಲೆಕ್ಕದಲ್ಲಿ ಬೆಲ್ಲ, ಜೇನುತುಪ್ಪ, ಹಣ್ಣಿನ ರಸ ಎಲ್ಲವೂ ಸೇರುತ್ತವೆ. ಇಡೀ ಹಣ್ಣು ಮತ್ತು ಹಾಲಿನಲ್ಲಿ ತಾನಾಗಿ ಇರುವ ಸಿಹಿ ಸೇರುವುದಿಲ್ಲ.

ಈಗ ನಮ್ಮ ಮಾವನವರ ಹಾಳೆ ನೋಡಿ. ದಿನಕ್ಕೆ ನಾಲ್ಕು ಚಹಾ, ಕಪ್ಪಿಗೆ ಎರಡು ಚಮಚ. ಎಂಟು ಚಮಚ, 32 ಗ್ರಾಂ. ಹಬ್ಬದ ಸಿಹಿ ಬಾಯಿಗೆ ಹೋಗುವ ಮೊದಲೇ ಆರು ಚಮಚದ ಗೆರೆ ದಾಟಿ ಆಯಿತು. ಅವರಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಹಾಳೆಯನ್ನು ತಾವೇ ಎರಡು ಸಲ ಓದಿದರು.

ಹೆಜ್ಜೆ 2: ಚಹಾದಿಂದ ಶುರು ಮಾಡಿ

ಮೊದಲ ಕೆಲಸ ಚಹಾದ್ದೇ. ದಿನವೂ ಕುಡಿಯುವುದರಿಂದ ಇಲ್ಲಿ ಉಳಿಸಿದ್ದು ದಿನವೂ ಉಳಿಯುತ್ತದೆ.

ಒಮ್ಮೆಲೇ ಸಕ್ಕರೆ ನಿಲ್ಲಿಸಿದರೆ ಮೂರನೇ ದಿನಕ್ಕೆ ಹಳೇ ರೂಢಿಗೆ ಮರಳುತ್ತೀರಿ. ವಾರಕ್ಕೆ ಕಾಲು ಚಮಚ ಇಳಿಸಿ. ಎರಡು ಚಮಚ ಇದ್ದದ್ದು ನಾಲ್ಕು ವಾರಕ್ಕೆ ಒಂದು ಚಮಚಕ್ಕೆ ಬರುತ್ತದೆ. ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಶುಂಠಿ ಜಜ್ಜಿ ಹಾಕಿ, ಯಾಲಕ್ಕಿ ಹಾಕಿ, ಕಪ್ ಸಣ್ಣದು ಮಾಡಿ. ನಾಲ್ಕು ಚಹಾದಲ್ಲಿ ಒಂದನ್ನು ಮಜ್ಜಿಗೆಗೆ ಬದಲಿಸಿದರೆ ಇನ್ನೂ ಒಳ್ಳೆಯದು.

ಈ ಕೆಲಸವನ್ನು ಆಷಾಢದಲ್ಲೇ ಶುರು ಮಾಡುವುದು ಜಾಣತನ. ಪಂಚಮಿ ಬರುವ ಹೊತ್ತಿಗೆ ನಾಲಿಗೆ ಹದಕ್ಕೆ ಬಂದಿರುತ್ತದೆ. ಆಗ ಒಂದು ಉಂಡಿಯೇ ಭಾರಿ ಸಿಹಿ ಅನಿಸುತ್ತದೆ.

ಹಬ್ಬದಲ್ಲಿ ಮಂದಿ ಬಂದಾಗ ಚಹಾ ಸಪ್ಪೆ ಕೊಟ್ಟರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ನನಗೂ ಇತ್ತು. ಈಗ ಚಹಾಕ್ಕೆ ಅರ್ಧ ಚಮಚ ಹಾಕಿ ಕುದಿಸುತ್ತೇನೆ, ಸಕ್ಕರೆ ಬಟ್ಟಲು ಪಕ್ಕದಲ್ಲಿ ಇಡುತ್ತೇನೆ. ಬಂದವರಲ್ಲಿ ಬಹಳ ಮಂದಿ ಬಟ್ಟಲನ್ನು ಮುಟ್ಟುವುದೇ ಇಲ್ಲ.

ಹೆಜ್ಜೆ 3: ಕ್ಯಾಲೆಂಡರಿನಲ್ಲಿ ಸಿಹಿಯ ದಿನ ಗುರುತು ಮಾಡಿ

ಹೊಸ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಹಬ್ಬಗಳಿಗೆ ಸುತ್ತು ಹಾಕಿ. ಪಕ್ಕದಲ್ಲಿ ಅಂದು ಮಾಡುವ ಒಂದೇ ಒಂದು ಸಿಹಿಯ ಹೆಸರು ಬರೆಯಿರಿ. ಒಂದು ಹಬ್ಬಕ್ಕೆ ಒಂದು ಸಿಹಿ.

ನಮ್ಮ ಮನೆಯದು ಹೀಗಿದೆ. ಪಂಚಮಿಗೆ ಶೇಂಗಾ ಉಂಡಿ ಮತ್ತು ಎಳ್ಳುಂಡಿ. ಇಲ್ಲಿ ಮಾತ್ರ ಎರಡು, ಯಾಕೆಂದರೆ ನಾಗಪ್ಪನಿಗೆ ಎರಡೂ ಬೇಕು. ಚೌತಿಗೆ ಕಡಬು. ದಸರೆಗೆ ಹೂರಣದ ಹೋಳಿಗೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಕರ್ಚಿಕಾಯಿ. ದೀಪಾವಳಿಗೆ ಗೋಧಿ ಹುಗ್ಗಿ. ಎಳ್ಳಮವಾಸ್ಯೆಗೆ ಶೇಂಗಾ ಹೋಳಿಗೆ. ಸಂಕ್ರಾಂತಿಗೆ ಮಾದಲಿ. ನಿಮ್ಮ ಮನೆಯ ಪದ್ಧತಿ ಬೇರೆ ಇರಬಹುದು, ಅದನ್ನೇ ಬರೆಯಿರಿ.

ಹೀಗೆ ಬರೆದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹಿರಿಯರು ಹಬ್ಬಕ್ಕೆ ಗೊತ್ತುಮಾಡಿದ ಸಿಹಿ ಒಂದೊಂದೇ. ಅದರ ಮೇಲೆ ಗುಲಾಬ್ ಜಾಮೂನು, ಅಂಗಡಿ ಬರ್ಫಿ, ಫ್ರೂಟ್ ಸಲಾಡು, ಐಸ್‌ಕ್ರೀಮು ಅಂತ ಪೇರಿಸಿದ್ದು ನಾವು. ಗುರುತಿಲ್ಲದ ದಿನ ಸಿಹಿ ಇಲ್ಲ, ಹಣ್ಣು ಮಾತ್ರ. ಈ ಮಾತನ್ನು ಮಕ್ಕಳಿಗೂ ಮೊದಲೇ ಹೇಳಿಬಿಡಿ. ಅವರಿಗೆ ಇದು ಬೇಗ ತಿಳಿಯುತ್ತದೆ. ಕೆಂಪು ಸುತ್ತು ಎಣಿಸಿ, "ಕಡಬಿಗೆ ಇನ್ನ ಒಂಬತ್ತ ದಿನ ಐತಿ" ಅಂತ ನಮ್ಮ ಸಣ್ಣವಳೇ ಹೇಳುತ್ತಾಳೆ.

ಹೆಜ್ಜೆ 4: ಕಿರಾಣಿ ಚೀಟಿ ಬರೆಯುವಾಗಲೇ ಅರ್ಧ ಕೆಲಸ ಮುಗಿಸಿ

ಪಾಕೀಟು ತಿಂಡಿ ಮನೆಗೆ ಬಂದಮೇಲೆ ತಡೆಯುವುದು ಕಷ್ಟ. ಅಂಗಡಿಯಲ್ಲೇ ಬಿಟ್ಟು ಬರುವುದು ಸುಲಭ.

ಮೊದಲು ಒಂದು ಗೊಂದಲ ಬಿಡಿಸೋಣ. ಗಿರಣಿಯಲ್ಲಿ ಬೀಸಿದ ಹಿಟ್ಟು, ಅವಲಕ್ಕಿ, ಚುನಮರಿ (ಮಂಡಕ್ಕಿ), ಪುಟಾಣಿ (ಹುರಿಗಡಲೆ), ಮೊಸರು, ಇವೂ ಒಂದು ರೀತಿಯಲ್ಲಿ ಸಂಸ್ಕರಿಸಿದ ಆಹಾರವೇ. ಇವುಗಳಿಂದ ತೊಂದರೆ ಇಲ್ಲ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ತಜ್ಞರು ಆಹಾರವನ್ನು ನಾಲ್ಕು ಗುಂಪು ಮಾಡಿದ್ದಾರೆ, ಅದಕ್ಕೆ ನೋವಾ ಅಂತ ಹೆಸರು. ನಾವು ಹುಷಾರಾಗಿರಬೇಕಾದ್ದು ನಾಲ್ಕನೇ ಗುಂಪಿನ ಬಗ್ಗೆ, ಅಂದರೆ ಅತಿಯಾಗಿ ಸಂಸ್ಕರಿಸಿದ್ದು. ಚಿಪ್ಸ್, ಕ್ರೀಮ್ ಬಿಸ್ಕೀಟು, ಇನ್‌ಸ್ಟಂಟ್ ನೂಡಲ್ಸ್, ಕೋಲಾ, ಪ್ಯಾಕೆಟ್ ಕೇಕು. ಅತ್ತೆಗೆ ನಾನು ಹೇಳಿಕೊಟ್ಟ ಗುರುತು ಇಷ್ಟೇ: ಪಾಕೀಟಿನ ಹಿಂದೆ ಬರೆದ ಸಾಮಾನುಗಳು ನಿಮ್ಮ ಅಡುಗೆಮನೆಯಲ್ಲಿ ಇವೆಯಾ? ಹೆಚ್ಚಿನವು ಇಲ್ಲ ಅಂದರೆ ಅದು ನಾಲ್ಕನೇ ಗುಂಪು.

ಪಾಕೀಟು ಓದುವುದನ್ನು ಒಂದು ಸಲ ಕಲಿತರೆ ಸಾಕು. ಸಾಮಾನಿನ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದೇ ಮೊದಲು ಬರಬೇಕು, ಇದು ಕಾನೂನು. ಮುಂದೆ ದೊಡ್ಡದಾಗಿ ರಾಗಿ, ನವಣೆ ಅಂತ ಬರೆದು, ಹಿಂದೆ ಮೊದಲ ಹೆಸರು ಮೈದಾ ಇದ್ದರೆ ಅದು ಮೈದಾ ಬಿಸ್ಕೀಟೇ. ಸಕ್ಕರೆಯೂ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ: ಲಿಕ್ವಿಡ್ ಗ್ಲೂಕೋಸ್, ಡೆಕ್ಸ್ಟ್ರೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್, ಫ್ರಕ್ಟೋಸ್. ಮಾಲ್ಟೋಡೆಕ್ಸ್ಟ್ರಿನ್ ಅನ್ನುವುದು ಪಿಷ್ಟದಿಂದ ಮಾಡಿದ್ದು, ಅದೂ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಆಮೇಲೆ 100 ಗ್ರಾಂಗೆ ಸಕ್ಕರೆ ಎಷ್ಟು ಅನ್ನುವ ಸಾಲು ನೋಡಿ. ಸಾದಾ ಅನಿಸುವ ಚಹಾ ಬಿಸ್ಕೀಟಿನಲ್ಲೂ 20ರಿಂದ 25 ಗ್ರಾಂ ಇರುತ್ತದೆ.

"ಸಕ್ಕರೆ ಇಲ್ಲದ" ಸಿಹಿಯ ಬಗ್ಗೆ ನನ್ನ ಅಭಿಪ್ರಾಯ ಖಡಕ್ ಆಗಿದೆ. ಬೇಡ. ಮೈದಾ, ತುಪ್ಪ, ಖೋವಾ ಅದರಲ್ಲೂ ಇರುತ್ತವೆ, ಸಕ್ಕರೆ ಇಲ್ಲ ಅಂತ ಎರಡು ಜಾಸ್ತಿ ತಿನ್ನುತ್ತೇವೆ. ತೂಕ ಇಳಿಸಲು ಕೃತಕ ಸಿಹಿಯನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಚೀಟಿಯಲ್ಲಿ ಇದರ ಬದಲು ಏನು ಬರೆಯಬೇಕು? ನಮ್ಮ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ಹಬ್ಬದ ಕಾಲವೇ ಸುಗ್ಗಿಯ ಕಾಲ. ಮುಂಗಾರಿನ ಹಸಿ ಶೇಂಗಾ ಬಂದಿರುತ್ತದೆ, ಉಪ್ಪು ಹಾಕಿ ಕುದಿಸಿದರೆ ಮಕ್ಕಳು ಚಿಪ್ಸ್ ಕೇಳುವುದಿಲ್ಲ. ಚಳಿ ಬಿದ್ದಮೇಲೆ ಹಸಿ ಕಡಲೆ, ಎಳೆ ಜೋಳದ ಸೀತನಿ. ನವಲೂರಿನ ಪೇರಲ ಹಣ್ಣು ಬುಟ್ಟಿಗಟ್ಟಲೆ ಸಿಗುತ್ತದೆ. ಸೀತಾಫಲ ಇದೆ, ಆದರೆ ಅದು ಸಿಹಿ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅರ್ಧ ಸಾಕು. ಜೊತೆಗೆ ಪುಟಾಣಿ, ಹುರಿದ ಶೇಂಗಾ, ಚುನಮರಿ ಡಬ್ಬಿಯಲ್ಲಿ ಸದಾ ಇರಲಿ.

ಹೆಜ್ಜೆ 5: ಸಿಹಿಯನ್ನೇ ಬದಲಿಸಿ, ಅಳತೆ ಹಿಡಿದು

ನಿಜವಾದ ಕೈಚಳಕ ಇರುವುದು ಇಲ್ಲಿ.

ಮೊದಲೇ ಒಂದು ಮಾತು. ಬೆಲ್ಲವೂ ಸಕ್ಕರೆಯೇ. ಬೆಲ್ಲದ ಬಹುಪಾಲು ಸುಕ್ರೋಸ್, ಸಕ್ಕರೆಯಲ್ಲೂ ಅದೇ. ಸ್ವಲ್ಪ ಕಬ್ಬಿಣ, ಖನಿಜ ಇರುತ್ತವೆ ನಿಜ, ಆದರೆ ಒಂದು ಉಂಡಿಯಿಂದ ಸಿಗುವುದು ಅತ್ಯಲ್ಪ. ರುಚಿಗೆ ಬೆಲ್ಲ ಬಳಸಿ, ನಾನೂ ಅದನ್ನೇ ಬಳಸುತ್ತೇನೆ. "ಬೆಲ್ಲದ್ದು, ಏನೂ ಆಗಂಗಿಲ್ಲ ತಗೋರಿ" ಅಂತ ಸಕ್ಕರೆ ಕಾಯಿಲೆಯವರ ತಟ್ಟೆಗೆ ಎರಡನೇ ಹೋಳಿಗೆ ಹಾಕಬೇಡಿ.

ಉಂಡಿಯ ಲೆಕ್ಕ ನೋಡಿ. ನಾವು ಮೊದಲು ಒಂದು ಕೆಜಿ ಶೇಂಗಾಕ್ಕೆ ಒಂದು ಕೆಜಿ ಬೆಲ್ಲ ಹಾಕಿ ನಲವತ್ತು ಉಂಡಿ ಕಟ್ಟುತ್ತಿದ್ದೆವು. ಒಂದು ಉಂಡಿ 50 ಗ್ರಾಂ, ಅದರಲ್ಲಿ ಬೆಲ್ಲ 25 ಗ್ರಾಂ. ಒಂದು ಉಂಡಿಗೇ ದಿನದ ಪಾಲು ಮುಗಿಯಿತು. ಈಗ ಒಂದು ಕೆಜಿ ಶೇಂಗಾಕ್ಕೆ 650 ಗ್ರಾಂ ಬೆಲ್ಲ, ಉಂಡಿ ಸಣ್ಣ ಲಿಂಬೆಹಣ್ಣಿನ ಗಾತ್ರ. ಅರವತ್ತೈದು ಉಂಡಿ ಆಗುತ್ತವೆ, ಒಂದರಲ್ಲಿ ಬೆಲ್ಲ 10 ಗ್ರಾಂ. ಬೆಲ್ಲ ಕಡಿಮೆಯಾದರೆ ಉಂಡಿ ಒಡೆಯುತ್ತದಲ್ಲ ಅಂತ ಕೇಳಬಹುದು. ಶೇಂಗಾ ಬಿಸಿ ಇರುವಾಗಲೇ ಸಿಪ್ಪೆ ತೆಗೆದು ಬೆಲ್ಲದ ಜೊತೆ ಕುಟ್ಟಿ ಅಥವಾ ಮಿಕ್ಸರಿಗೆ ಹಾಕಿ. ಎಣ್ಣೆ ಬಿಡುತ್ತದೆ, ಆ ಎಣ್ಣೆಯೇ ಹಿಡಿದಿಡುತ್ತದೆ. ಪಾಕ ಬೇಕಿಲ್ಲ. ಪಾಕದ ಉಂಡಿಗಳಲ್ಲಿ, ಅಂದರೆ ರವೆ ಉಂಡಿಯಂಥದ್ದರಲ್ಲಿ, ಸಕ್ಕರೆ ಇಳಿಸುವುದು ಕಷ್ಟ. ಅದಕ್ಕೇ ನಮ್ಮ ಮನೆಯಲ್ಲಿ ರವೆ ಉಂಡಿ ಮಾಡುವುದನ್ನೇ ಬಿಟ್ಟೆವು.

ಹೂರಣದ ಹೋಳಿಗೆಗೆ ಒಂದು ವಾಟಿ ಕಡಲೆಬೇಳೆಗೆ ಒಂದು ವಾಟಿ ಬೆಲ್ಲ ಅನ್ನುವುದು ರೂಢಿ. ಮೊದಲ ವರ್ಷ ಮುಕ್ಕಾಲು ವಾಟಿ ಮಾಡಿ, ಯಾರಿಗೂ ಹೇಳಬೇಡಿ. ಮುಂದಿನ ವರ್ಷ ಇನ್ನೂ ಸ್ವಲ್ಪ ಇಳಿಸಿ. ಅರ್ಧಕ್ಕಿಂತ ಕೆಳಗೆ ಹೋದರೆ ಮಾತ್ರ ಬೇಳೆಯ ರುಚಿಯೇ ಮುಂದಾಗುತ್ತದೆ, ಅದು ಹೋಳಿಗೆ ಅನಿಸುವುದಿಲ್ಲ. ಬೆಲ್ಲ ಕಡಿಮೆ ಇದ್ದಾಗ ಯಾಲಕ್ಕಿ, ಜಾಜಿಕಾಯಿ ಸ್ವಲ್ಪ ಮುಂದಾಗಲಿ. ಬೇಳೆಯ ಕಟ್ಟು ಪೂರ್ತಿ ಬಸಿಯಿರಿ, ಹೂರಣ ನುಣ್ಣಗೆ ಅರೆಯಿರಿ, ಇಲ್ಲದಿದ್ದರೆ ಲಟ್ಟಿಸುವಾಗ ಹರಿಯುತ್ತದೆ. ಬಸಿದ ಕಟ್ಟಿನಿಂದ ಕಟ್ಟಿನ ಸಾರು ಆಗೇ ಆಗುತ್ತದೆ, ಅದನ್ನು ಹೇಳಬೇಕಿಲ್ಲ.

ಕಣಕಕ್ಕೆ ಮೈದಾ ಬೇಡ. ಗಿರಣಿಯ ಗೋಧಿ ಹಿಟ್ಟನ್ನು ವಸ್ತ್ರಗಾಳಿಸಿ, ಎಣ್ಣೆ ಹಚ್ಚಿ ಎರಡು ತಾಸು ನೆನೆಯಲು ಬಿಟ್ಟರೆ ಎಳೆ ಬರುತ್ತದೆ. ಜರಡಿಯಲ್ಲಿ ಉಳಿದ ತವುಡನ್ನು ಚೆಲ್ಲಬೇಡಿ, ನಾಳೆಯ ಚಪಾತಿ ಹಿಟ್ಟಿಗೆ ಸೇರಿಸಿ. ಹೋಳಿಗೆ ತಟ್ಟೆಯಗಲ ಬೇಡ, ಅಂಗೈಯಗಲ ಇರಲಿ. ಬಡಿಸುವವರಿಗೂ ಸಮಾಧಾನ, ಎರಡು ಬಡಿಸಿದರೂ ಮೊದಲಿನ ಒಂದರಷ್ಟೇ.

ಶೇಂಗಾ ಹೋಳಿಗೆಗೆ ಒಂದು ವಾಟಿ ಶೇಂಗಾ ಪುಡಿ, ಕಾಲು ವಾಟಿ ಹುರಿದ ಎಳ್ಳಿನ ಪುಡಿ, ಅರ್ಧ ವಾಟಿ ಬೆಲ್ಲ. ಎಳ್ಳಿನ ಘಮಕ್ಕೆ ಬೆಲ್ಲ ಕಡಿಮೆಯಾದದ್ದು ತಿಳಿಯುವುದಿಲ್ಲ. ಈ ಹೋಳಿಗೆ ನಾಲ್ಕು ದಿನ ಇರುತ್ತದೆ. ಹೂರಣದ್ದು ಮಾತ್ರ ಬೆಲ್ಲ ಇಳಿಸಿದಷ್ಟೂ ಬೇಗ ಕೆಡುತ್ತದೆ, ಎರಡನೇ ದಿನಕ್ಕೆ ಮುಗಿಸುವಷ್ಟೇ ಮಾಡಿ.

ಮಾದಲಿ ಮತ್ತು ಗೋಧಿ ಹುಗ್ಗಿಯಲ್ಲಿ ಇನ್ನೂ ಸರಳ ದಾರಿ ಇದೆ. ಸಪ್ಪೆ ಮಾಡಿಟ್ಟು ಬೆಲ್ಲದ ಪುಡಿ ಪಕ್ಕದಲ್ಲಿ ಇಡುವುದು. ಮಾದಲಿಯ ಮೇಲೆ ಬಿಸಿ ಹಾಲು, ತುಪ್ಪ, ಬೇಕಾದವರು ಬೇಕಾದಷ್ಟು ಬೆಲ್ಲ ಉದುರಿಸಿಕೊಳ್ಳುತ್ತಾರೆ. ಅತ್ತೆ ಒಂದು ಚಮಚ ಹಾಕಿಕೊಳ್ಳುತ್ತಾರೆ, ನನ್ನ ಮಗ ಮೂರು. ಒಂದೇ ಪಾತ್ರೆಯ ಅಡುಗೆ, ಒಂದೇ ಪಂಕ್ತಿ, ಯಾರಿಗೂ ಬೇರೆ ಮಾಡಿಟ್ಟ ಪಥ್ಯದ ಊಟ ಅನಿಸುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಹಬ್ಬದ ದಿನ ಬೇರೆ ತಟ್ಟೆ ಇಟ್ಟರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ.

ದೀಪಾವಳಿ ಫರಾಳಕ್ಕೆ ಬಂದರೆ, ತೆಳು ಅವಲಕ್ಕಿ ಚೂಡಾ ಎಲ್ಲಕ್ಕಿಂತ ಹಗುರ. ಅವಲಕ್ಕಿಯನ್ನು ಒಣಗಿಸಿ ಬಾಣಲೆಯಲ್ಲಿ ಹುರಿಯಿರಿ, ಕರಿಯಬೇಡಿ. ಶೇಂಗಾ, ಪುಟಾಣಿ, ಒಣಕೊಬ್ಬರಿ, ಕರಿಬೇವು ಒಗ್ಗರಣೆಗೆ. ಕೊನೆಗೆ ಉದುರಿಸುವ ಸಕ್ಕರೆ ಪುಡಿ ಬಿಟ್ಟುಬಿಡಿ. ಚಕ್ಕುಲಿ, ಕರ್ಚಿಕಾಯಿ ಕರಿಯಲೇಬೇಕು, ಅದಕ್ಕೆ ಶೇಂಗಾ ಎಣ್ಣೆ ಸಾಕು, ಡಾಲ್ಡಾ ಬೇಡ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಸಿಹಿ ಶಂಕರಪಾಳಿ ಬದಲು ಓಮ ಹಾಕಿದ ಖಾರದ್ದು ಮಾಡಿ, ಅದೂ ಗೋಧಿ ಹಿಟ್ಟಿನಲ್ಲಿ.

ಹೆಜ್ಜೆ 6: ಬಾಕ್ಸ್ ಬಂದ ದಿನವೇ ಹಂಚಿ

ಧಾರವಾಡದಲ್ಲಿ ಇದ್ದು ಪೇಡಾ ಬೇಡ ಅನ್ನಲಾಗದು. ಭೌಗೋಳಿಕ ಗುರುತು ಪಡೆದ ನಮ್ಮೂರಿನ ಸಿಹಿ ಅದು. ಖೋವಾ ಕಂದು ಬಣ್ಣ ಬರುವವರೆಗೆ ಹುರಿದು, ಮೇಲೆ ಸಕ್ಕರೆಯಲ್ಲಿ ಹೊರಳಿಸಿದ್ದು. ಒಂದು ಪೇಡಾ ನಾಲಿಗೆ ಮೇಲಿಟ್ಟು ನಿಧಾನ ತಿಂದರೆ ಸಿಗುವ ಸುಖ, ಟಿವಿ ನೋಡುತ್ತ ನಾಲ್ಕು ತಿಂದರೆ ಸಿಗುವುದಿಲ್ಲ.

ಬಾಕ್ಸ್ ಬಂದ ತಕ್ಷಣ ತೆಗೆಯಿರಿ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಪೇಡಾ ತಟ್ಟೆಗೆ. ಉಳಿದದ್ದು ಅಂದೇ ಹೊರಗೆ ಹೋಗಬೇಕು: ಪಕ್ಕದ ಮನೆ, ಆಫೀಸು, ಮನೆ ಕೆಲಸಕ್ಕೆ ಬರುವವರ ಮಕ್ಕಳು. ಫ್ರಿಜ್ಜಿಗೆ ಮಾತ್ರ ಹೋಗಬಾರದು. ಫ್ರಿಜ್ಜಿಗೆ ಹೋದ ಬಾಕ್ಸನ್ನು ರಾತ್ರಿ ಹತ್ತು ಗಂಟೆಗೆ ಯಾರೋ ಒಬ್ಬರು ತೆಗೆದೇ ತೆಗೆಯುತ್ತಾರೆ.

ನೀವು ಬೇರೆಯವರ ಮನೆಗೆ ಹೋಗುವಾಗ ಏನು ಒಯ್ಯುತ್ತೀರಿ ಅನ್ನುವುದೂ ಮುಖ್ಯ. ಹುಬ್ಬಳ್ಳಿಯ ನಮ್ಮ ವೈನಿ ಮನೆಗೆ ಈಗ ನಾನು ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಚಟ್ನಿ ಮೂರು ಸಣ್ಣ ಡಬ್ಬಿ ಒಯ್ಯುತ್ತೇನೆ. ಅವರು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ ಕೊಟ್ಟು ಕಳಿಸುತ್ತಾರೆ. ತಿಂಗಳಾನುಗಟ್ಟಲೆ ರೊಟ್ಟಿ ಜೊತೆ ನೆನಪಿಸಿಕೊಳ್ಳುತ್ತೇವೆ. ಪೇರಲ ಹಣ್ಣಿನ ಬುಟ್ಟಿ ಒಯ್ದರೂ ಬೀಗರು ಬೇಸರ ಮಾಡಿಕೊಳ್ಳುವುದಿಲ್ಲ.

ಅಂಗಡಿಯಿಂದ ಸಿಹಿ ತರಲೇಬೇಕಾದರೆ ಟ್ರೇ ಮೇಲೆ ಯಾವ ದಿನದೊಳಗೆ ತಿನ್ನಬೇಕು ಅಂತ ಬರೆದಿದೆಯಾ ನೋಡಿ. ಬಿಡಿ ಸಿಹಿಗೂ ಆ ತಾರೀಕು ಹಾಕಬೇಕು ಅಂತ 2020ರ ಅಕ್ಟೋಬರ್‌ನಿಂದ ನಿಯಮ ಇದೆ.

ಹೆಜ್ಜೆ 7: ಊಟದ ಸರದಿ ಬದಲಿಸಿ

ನಮ್ಮಲ್ಲಿ ಸಿಹಿಯನ್ನು ಮೊದಲೇ ಬಡಿಸಿ ಮೊದಲೇ ತಿನ್ನುವ ರೂಢಿ. ನೈವೇದ್ಯದ ತುಣುಕನ್ನು ಮೊದಲು ಬಾಯಿಗೆ ಹಾಕಿಕೊಳ್ಳಿ, ಅಷ್ಟು ಸಾಕು. ಆಮೇಲೆ ಕೋಸಂಬರಿ, ಪಚಡಿ, ಮಡಿಕೆಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ. ಹೋಳಿಗೆ ಇದರ ನಂತರ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ. ಹೋಳಿಗೆ ತಿಂದ ದಿನ ಅನ್ನ ಅರ್ಧ ಮಾಡಿ. ಎರಡೂ ಪಿಷ್ಟವೇ ಅಲ್ವಾ?

ಒತ್ತಾಯ ಮಾಡಿ ಬಡಿಸುವುದು ಉತ್ತರ ಕರ್ನಾಟಕದ ಪ್ರೀತಿ. ಅದನ್ನು ಬೇಡ ಅಂದರೆ ಬಡಿಸುವವರ ಮನಸ್ಸು ಮುರಿಯುತ್ತದೆ. ಹಾಗಾಗಿ ಬೇಡ ಅನ್ನುವ ಬದಲು ಬೇರೆಯದನ್ನು ಕೇಳಿ.

"ಇನ್ನೊಂದ ಹಾಕ್ತೀನ್ ತಡೀರಿ."

"ಹೋಳಿಗಿ ಸಾಕ್ರೀ ಕಾಕು, ಬದನಿಕಾಯಿ ಪಲ್ಯ ಛಲೋ ಆಗೇತಿ, ಅದನ್ನ ಇನ್ನೊಂದ ಸ್ವಲ್ಪ ಹಾಕ್ರಿ."

ಕಾಕುವಿಗೂ ಸಂತೋಷ, ನಿಮಗೂ ಒಳ್ಳೆಯದು. ನಾನು ಇದನ್ನು ಹತ್ತಾರು ಮನೆಯಲ್ಲಿ ಮಾಡಿದ್ದೇನೆ, ಒಮ್ಮೆಯೂ ತಪ್ಪಿಲ್ಲ.

ಉಂಡ ಮೇಲೆ ಮಲಗಬೇಡಿ. ಹದಿನೈದು ನಿಮಿಷ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ನಾವು ದಸರೆಯ ಸಂಜೆ ಬನ್ನಿ ಕೊಡಲು ಹೋಗುವಾಗ ಗಾಡಿ ತೆಗೆಯುವುದಿಲ್ಲ, ಮನೆಮನೆಗೆ ನಡೆದೇ ಹೋಗುತ್ತೇವೆ. ರಜೆಯ ದಿನ ಕೆಲಗೇರಿ ಕೆರೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ನೃಪತುಂಗ ಬೆಟ್ಟ ಇದ್ದೇ ಇವೆ.

ಹೆಜ್ಜೆ 8: ಮಕ್ಕಳು ಮತ್ತು ಬಾಟಲಿ

ಮಂದಿ ಸೇರಿದಾಗ ದೊಡ್ಡ ಕೋಲಾ ಬಾಟಲಿ ತರುವುದು ಈಗ ಪದ್ಧತಿಯೇ ಆಗಿದೆ. ಸಾಮಾನ್ಯ ಕೋಲಾದಲ್ಲಿ 100 ಮಿಲಿಗೆ ಸುಮಾರು 10.5 ಗ್ರಾಂ ಸಕ್ಕರೆ. 250 ಮಿಲಿಯ ಒಂದು ಗ್ಲಾಸು ಅಂದರೆ 26 ಗ್ರಾಂ. ಹತ್ತು ವರ್ಷದ ಮಗು ಒಂದೇ ಗುಟುಕಿನಲ್ಲಿ ಆರು ಚಮಚ ಸಕ್ಕರೆ ಕುಡಿದಂತೆ. ಹೋಳಿಗೆಯಲ್ಲಾದರೂ ಬೇಳೆ ಇದೆ, ಗೋಧಿ ಇದೆ. ಇದರಲ್ಲಿ ಏನಿದೆ?

ನಮ್ಮ ಮನೆಯಲ್ಲಿ ಇದನ್ನು ಪೂರ್ತಿ ನಿಲ್ಲಿಸಿದೆವು. ಬದಲಿಗೆ ಕೊತ್ತಂಬರಿ, ಶುಂಠಿ, ಜೀರಿಗೆ ಹಾಕಿದ ಮಜ್ಜಿಗೆಯನ್ನು ಹೂಜಿಯಲ್ಲಿ ಇಡುತ್ತೇವೆ. ಲಿಂಬೆ ಪಾನಕ ಮಾಡಿದರೆ ಉಪ್ಪು ಮುಂದು, ಸಕ್ಕರೆ ಹಿಂದು. ಕಬ್ಬಿನ ಹಾಲು, ಪ್ಯಾಕೆಟ್ ಜ್ಯೂಸು ಒಳ್ಳೆಯದು ಅಂತ ತಿಳಿಯಬೇಡಿ, ಅವೂ ಸಕ್ಕರೆ ನೀರೇ.

ಸಂಜೆಯ ಬಾಯಿಚಪಲಕ್ಕೆ ಗಿರಮಿಟ್ ಇದೆ. ಚುನಮರಿ, ಉಳ್ಳಾಗಡ್ಡಿ-ಟೊಮೆಟೊ ಒಗ್ಗರಣೆ, ಪುಟಾಣಿ ಪುಡಿ, ಮೇಲೆ ಹಸಿ ಉಳ್ಳಾಗಡ್ಡಿ. ಮನೆಯಲ್ಲಿ ಹತ್ತು ನಿಮಿಷದ ಕೆಲಸ. ಮಿರ್ಚಿ ಭಜಿ ಜೊತೆಗೆ ಬೇಕು ಅಂದರೆ ಒಂದು, ಅದೂ ವಾರಕ್ಕೊಮ್ಮೆ. ಸವಣೂರು ಖಾರ ತಂದರೆ ಪಾಕೀಟಿನಿಂದ ತಿನ್ನಬೇಡಿ, ಸಣ್ಣ ವಾಟಿಗೆ ಸುರಿದು ಪಾಕೀಟು ಕಟ್ಟಿ ಒಳಗಿಡಿ.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ತಪ್ಪದೆ ಓದಿ

ಮಧ್ಯಾಹ್ನ ಹೋಳಿಗೆ ಇದೆ ಅಂತ ಬೆಳಗ್ಗೆ ನಾಷ್ಟಾ ಬಿಡುವುದು ಅಪಾಯ. ಇನ್ಸುಲಿನ್ ಅಥವಾ ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜು, ಎದೆ ಡವಡವ ಅಂದರೆ ತಡಮಾಡಬೇಡಿ. ಆಗ ಸಕ್ಕರೆಯೇ ಔಷಧಿ. ಮೂರು-ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನವರಾತ್ರಿಯ ಉಪವಾಸ, ಶ್ರಾವಣ ಸೋಮವಾರದ ಒಪ್ಪತ್ತು ಮಾಡುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಗುಳಿಗೆಯ ಅಳತೆ, ಹೊತ್ತು ಬದಲಿಸಬೇಕಾಗಬಹುದು. ಉಪವಾಸದ ಸಾಬೂದಾಣಿ ಖಿಚಡಿ ಹಗುರ ಅಂತ ಬಹಳ ಜನ ತಿಳಿದಿದ್ದಾರೆ. ಸಾಬೂದಾಣಿ ಬರೀ ಪಿಷ್ಟ, ಸಕ್ಕರೆ ಜೋರಾಗಿ ಏರಿಸುತ್ತದೆ. ಅದರ ಬದಲು ಸಾವೆ ಅಕ್ಕಿಯ ಉಪ್ಪಿಟ್ಟಿಗೆ ಶೇಂಗಾ ಪುಡಿ ಹಾಕಿ, ಜೊತೆಗೆ ಮೊಸರು ಇಟ್ಟುಕೊಳ್ಳಿ. ಅಳತೆ ಮಾತ್ರ ಸಣ್ಣದೇ ಇರಲಿ.

ಹೆಜ್ಜೆ 9: ಡಬ್ಬಿಗೆ ಗಡುವು ಹಾಕಿ

ದೀಪಾವಳಿ ಫರಾಳ ಡಿಸೆಂಬರ್‌ವರೆಗೆ ಎಳೆಯುವುದು ಹಲವು ಮನೆಗಳ ಕಥೆ. ನಮ್ಮಲ್ಲಿ ಗಡುವು ತುಳಸಿ ಲಗ್ನ. ಪಾಡ್ಯದಿಂದ ಹನ್ನೆರಡು ದಿನ. ಅಂದು ಸಂಜೆ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಳಿದ ಚಕ್ಕುಲಿ, ಚೂಡಾ ಎಲ್ಲ ಕೊಟ್ಟು ಡಬ್ಬಿ ತೊಳೆದು ಬಿಸಿಲಿಗೆ ಹಾಕುತ್ತೇನೆ. ಮರುದಿನ ಆ ಡಬ್ಬಿಗಳಿಗೆ ಪುಟಾಣಿ, ಶೇಂಗಾ ತುಂಬುತ್ತೇನೆ. ಮಕ್ಕಳ ಕೈ ರೂಢಿಯಂತೆ ಅದೇ ಡಬ್ಬಿಗೆ ಹೋಗುತ್ತದೆ.

ಈ ನಡುವೆ ಯಾವುದೋ ದಿನ ನಿಯಮ ತಪ್ಪುತ್ತದೆ. ಮದುವೆ ಬರುತ್ತದೆ, ಎರಡು ಜಿಲೇಬಿ ಹೋಗುತ್ತದೆ. ಮರುದಿನ ಉಪವಾಸ ಬೇಡ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಉಂಡು ಎಂದಿನಂತೆ ಮುಂದುವರಿಯಿರಿ.

ಎಳ್ಳಮವಾಸ್ಯೆ ಹೊತ್ತಿಗೆ ನಮಗೆ ಹೊಸದಾಗಿ ಏನೂ ಮಾಡುವುದು ಉಳಿದಿರುವುದಿಲ್ಲ, ಆ ಹಬ್ಬದ ಬುತ್ತಿಯೇ ಹಾಗಿದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಮೂಲಂಗಿ, ಹಸಿ ಉಳ್ಳಾಗಡ್ಡಿ. ಹಿಂದಿನ ರಾತ್ರಿ ಅತ್ತೆ ಶೇಂಗಾ ಹೋಳಿಗೆ ಎಣಿಸುತ್ತಾರೆ, ತಲೆಗೆ ಒಂದರಂತೆ, ಮೇಲೆ ಎರಡು ಹೊಲಕ್ಕೆ ಚೆಲ್ಲುವ ಚರಗಕ್ಕೆ. ಹೋದ ವರ್ಷ ಆ ವಾರವೇ ಪರೀಕ್ಷೆ ಮಾಡಿಸಿದ್ದೆವು. ಎಚ್‌ಬಿಎ1ಸಿ 7.0 ಬಂದಿತ್ತು. ಹೊಲದ ಬದುವಿನ ಮೇಲೆ ಕೂತು ತಮ್ಮ ಪಾಲಿನ ಹೋಳಿಗೆಯನ್ನು ಅವರು ಪೂರ್ತಿ ತಿಂದರು, ತುಪ್ಪ ಹಚ್ಚಿಕೊಂಡು.